ಬಾವಿಗೆ ಇಳಿಸಿ ನೋಡಿದ ಕ್ಯಾಮೆರಾ

2022ರ ನವೆಂಬರಿನಲ್ಲಿ ನಮ್ಮ ಮನೆಯ ಎಂಟು ಮಂದಿ ತುಮಕೂರಿನಿಂದ ರಾತ್ರಿ ಹೊರಟು, ಹುಬ್ಬಳ್ಳಿ ದಾಟಿ, ಗಣೇಶಗುಡಿಯ ಬಳಿ ಕಾಳಿ ನದಿಯಲ್ಲಿ ಎರಡು ದಿನ ಕಳೆದು ಬಂದೆವು. ಎಪ್ಪತ್ತು ವರ್ಷದ ನಮ್ಮ ಅಮ್ಮ ಬಾವಿ, ಕೆರೆಗಳನ್ನಷ್ಟೇ ಕಂಡು ಬಾಳಿದವರು. ಅವರು ಅಲ್ಲಿ ಮೊದಲ ಬಾರಿಗೆ ಲೈಫ್ ಜಾಕೆಟ್ ತೊಟ್ಟು, ಸೆರಗನ್ನು ಅದರ ಪಟ್ಟಿಯೊಳಗೆ ಭದ್ರವಾಗಿ ಸಿಕ್ಕಿಸಿಕೊಂಡು ಹರಿಗೋಲಿನಲ್ಲಿ ಕುಳಿತರು. ಹರಿಗೋಲು ಬುಗುರಿಯಂತೆ ಸುತ್ತತೊಡಗಿದಾಗ ಅವರು ನಕ್ಕ ನಗುವನ್ನು ತಂಗಿಯ ಮಗ ತನ್ನ ಫೋನಿನಲ್ಲಿ ಹತ್ತಾರು ಬಾರಿ ಸೆರೆಹಿಡಿದಿದ್ದ. ಆ ಚಿತ್ರಗಳಲ್ಲಿ ಒಂದೂ ಇಂದು ನಮ್ಮ ಬಳಿ ಇಲ್ಲ. ಅದೇ ಮಧ್ಯಾಹ್ನ ರಾಫ್ಟ್ ಒಂದು ಸೆಳವಿನಲ್ಲಿ ಎದ್ದು ಬಿದ್ದಾಗ ಅವನ ಕೊರಳಲ್ಲಿದ್ದ ಪ್ಲಾಸ್ಟಿಕ್ ಪೌಚಿನ ಬಾಯಿಂದ ನೀರು ಒಳನುಗ್ಗಿತು. ಸಂಜೆಯ ಹೊತ್ತಿಗೆ ಫೋನಿನ ಪರದೆ ಕಪ್ಪಾಗಿತ್ತು. ನದಿಯ ಬಳಿ ನೆಟ್‌ವರ್ಕ್ ಇರದಿದ್ದ ಕಾರಣ ಚಿತ್ರಗಳು ಬೇರೆಲ್ಲಿಗೂ ಹೋಗಿರಲಿಲ್ಲ. ಊರಿಗೆ ಮರಳಿದ ಮೇಲೆ ಸರ್ವಿಸ್ ಸೆಂಟರಿನವರು ಫೋನು ಬಿಚ್ಚಿ ನೋಡಿ, ಒಳಗೆ ನೀರು ಹೋಗಿರುವುದರಿಂದ ವಾರಂಟಿ ಅನ್ವಯಿಸುವುದಿಲ್ಲವೆಂದು ಹೇಳಿ ಕಳುಹಿಸಿದರು.

ಆ ಫೋನಿನ ಡಬ್ಬಿಯ ಮೇಲೆ ಐಪಿ68 ಎಂದು ಅಚ್ಚಾಗಿತ್ತು. ಪದವಿಪೂರ್ವ ಕಾಲೇಜಿನಲ್ಲಿ ಇಪ್ಪತ್ತು ವರ್ಷಗಳಿಂದ ಭೌತಶಾಸ್ತ್ರ ಬೋಧಿಸುತ್ತಿರುವ ನಾನು ಆ ಎರಡು ಅಂಕಿಗಳ ಅರ್ಥವನ್ನು ಹೊರಡುವ ಮುಂಚೆಯೇ ಓದಿ ತಿಳಿಯಬೇಕಿತ್ತು ಎಂಬ ನೋವು ಇಂದಿಗೂ ಇದೆ. ಐಇಸಿ 60529 ಎಂಬ ಮಾನದಂಡದಲ್ಲಿ ಮೊದಲ ಅಂಕಿ ಧೂಳಿಗೆ, ಎರಡನೆಯದು ನೀರಿಗೆ ಸಂಬಂಧಿಸಿದ್ದು. ಎರಡನೆಯ ಅಂಕಿ 7 ಆಗಿದ್ದರೆ ಒಂದು ಮೀಟರ್ ಆಳದಲ್ಲಿ 30 ನಿಮಿಷ ಮುಳುಗಿಸಿಟ್ಟರೂ ತಡೆಯುತ್ತದೆಂದು ಅರ್ಥ. 8 ಆಗಿದ್ದರೆ ಅದಕ್ಕಿಂತ ಕಠಿಣವಾದ ಪರೀಕ್ಷೆ, ಆದರೆ ಎಷ್ಟು ಆಳ, ಎಷ್ಟು ಹೊತ್ತು ಎಂಬುದನ್ನು ತಯಾರಕರೇ ನಿಗದಿಪಡಿಸುತ್ತಾರೆ. ಈ ಪರೀಕ್ಷೆ ನಡೆಯುವುದು ನಿಂತ ಸಿಹಿನೀರಿನಲ್ಲಿ, ಹೊಚ್ಚ ಹೊಸ ಉಪಕರಣದ ಮೇಲೆ. ರಭಸದಿಂದ ಚಿಮ್ಮುವ ನೀರಿಗೆ 5 ಮತ್ತು 6 ಎಂಬ ಬೇರೆಯೇ ಅಂಕಿಗಳಿವೆ, ಮತ್ತು 8 ಪಡೆದ ಉಪಕರಣ 5 ಅಥವಾ 6ನ್ನೂ ದಾಟಿದೆಯೆಂದು ತಾನಾಗಿಯೇ ಭಾವಿಸುವಂತಿಲ್ಲ. ಕಾಳಿಯ ಸೆಳವು ನಿಂತ ನೀರಲ್ಲ. ಸೂಪಾ ಜಲಾಶಯದ ವಿದ್ಯುದಾಗಾರದಿಂದ ನೀರು ಬಿಟ್ಟಾಗ ಮಾತ್ರ ಅಲ್ಲಿ ರಾಫ್ಟಿಂಗ್ ನಡೆಯುತ್ತದೆ, ಆ ನೀರು ಬಂಡೆಗಳ ನಡುವೆ ನುಗ್ಗಿ ಬಂದು ಎದೆಗೆ ಅಪ್ಪಳಿಸುತ್ತದೆ.

ಮುಂದಿನ ಪ್ರವಾಸಕ್ಕೆ ಮುಂಚೆ ನೀರಿಗೆಂದೇ ಮಾಡಿದ ಕ್ಯಾಮೆರಾ ಒಂದನ್ನು ಕೊಳ್ಳುವುದೆಂದು ನಿಶ್ಚಯಿಸಿ ನಲವತ್ತು ಸಾವಿರ ರೂಪಾಯಿಯನ್ನು ತೆಗೆದಿಟ್ಟೆ. ಆಗ ನನ್ನ ಕಣ್ಣಿಗೆ ಮೊದಲು ಬಿದ್ದದ್ದು ಡಬ್ಬಿಯ ಮೇಲಿನ ಆಳದ ಸಂಖ್ಯೆ. ನಿಕಾನ್ ಕೂಲ್‌ಪಿಕ್ಸ್ ಡಬ್ಲ್ಯೂ300ಗೆ 30 ಮೀಟರ್, ಪ್ಯಾನಾಸೋನಿಕ್ ಲೂಮಿಕ್ಸ್ ಎಫ್‌ಟಿ7ಗೆ 31, ಫ್ಯೂಜಿಫಿಲ್ಮ್ ಎಕ್ಸ್‌ಪಿ140ಗೆ 25, ರಿಕೋ ಡಬ್ಲ್ಯೂಜಿ-6ಗೆ 20, ಒಲಿಂಪಸ್ ಟಫ್ ಟಿಜಿ-6ಗೆ 15, ತಲೆಗೋ ಎದೆಗೋ ಕಟ್ಟಿಕೊಳ್ಳುವ ಪುಟ್ಟ ಗೋಪ್ರೋಗಳಿಗೆ ಹೊರಕವಚವಿಲ್ಲದೆ 10. ಈ ಸಾಲನ್ನು ನೋಡಿದ ಯಾರಿಗಾದರೂ ಹೆಚ್ಚು ಆಳದ್ದೇ ಹೆಚ್ಚು ಗಟ್ಟಿ ಎಂದು ಅನಿಸುವುದು ಸಹಜ, ನನಗೂ ಒಂದು ವಾರ ಹಾಗೆಯೇ ಅನಿಸಿತ್ತು.

ಆದರೆ ನಮ್ಮ ಮನೆಯವರಲ್ಲಿ ಯಾರೂ 15 ಮೀಟರ್ ಕೆಳಗೆ ಇಳಿಯುವವರಲ್ಲ. ಗಾಳಿಯ ಸಿಲಿಂಡರ್ ಕಟ್ಟಿಕೊಂಡು ಮುಳುಗುವ ಸ್ಕೂಬಾ ಕಲಿಯದವರನ್ನು ತರಬೇತುದಾರರು ಸಾಮಾನ್ಯವಾಗಿ 12 ಮೀಟರಿಗಿಂತ ಕೆಳಗೆ ಕರೆದೊಯ್ಯುವುದೂ ಇಲ್ಲ. ನೀರಿನಲ್ಲಿ ಪ್ರತಿ 10 ಮೀಟರಿಗೆ ಒಂದು ವಾಯುಮಂಡಲದಷ್ಟು ಒತ್ತಡ ಸೇರುತ್ತದೆ ಎಂಬುದನ್ನು ಪ್ರತಿ ವರ್ಷ ಕಪ್ಪುಹಲಗೆಯ ಮೇಲೆ ಬರೆಯುವ ನಾನು, ಇದೇ ಲೆಕ್ಕವನ್ನು ಚಲಿಸುವ ನೀರಿಗೂ ಹಾಕಿ ನೋಡಿದೆ. 5 ಮೀಟರ್ ಎತ್ತರದ ಬಂಡೆಯಿಂದ ಹಾರಿದವರು ನೀರು ಮುಟ್ಟುವಾಗ ಸೆಕೆಂಡಿಗೆ ಸುಮಾರು 10 ಮೀಟರ್ ವೇಗದಲ್ಲಿರುತ್ತಾರೆ. ಆ ವೇಗಕ್ಕೆ ಎದುರಾಗುವ ನೀರಿನ ಒತ್ತಡ 5 ಮೀಟರ್ ಆಳದ ಒತ್ತಡಕ್ಕೆ ಸಮ, ನೀರನ್ನು ಮುಟ್ಟುವ ಮೊದಲ ಕ್ಷಣದ ಪೆಟ್ಟು ಅದಕ್ಕಿಂತಲೂ ಜೋರು. ಹಾಗಾಗಿ ಡಬ್ಬಿಯ ಮೇಲೆ 10 ಮೀಟರ್ ಎಂದಿರುವ ಕ್ಯಾಮೆರಾವನ್ನು ಕೈಯಲ್ಲಿ ಹಿಡಿದು ಹಾರುವುದು ನಾವು ಅಂದುಕೊಂಡಷ್ಟು ಹಗುರವಾದ ಕೆಲಸವಲ್ಲ. ಒಟ್ಟಿನಲ್ಲಿ 15 ಮೀಟರ್ ನಮಗೆ ಸಾಕು, ಅದಕ್ಕಿಂತ ಮೇಲಿನದಕ್ಕಾಗಿ ಬೇರೆ ಗುಣಗಳನ್ನು ಬಿಟ್ಟುಕೊಡಬಾರದು ಎಂಬ ತೀರ್ಮಾನಕ್ಕೆ ಬಂದೆ.

ಹಾಗಾದರೆ ಬೇರೆ ಗುಣಗಳು ಯಾವುವು ಎಂಬುದನ್ನು ಕಂಡುಕೊಳ್ಳಲು ಸಹೋದ್ಯೋಗಿಯೊಬ್ಬರ ಮಗನ ಗೋಪ್ರೋ ಹೀರೋ 9ನ್ನು ಒಂದು ಭಾನುವಾರದ ಮಟ್ಟಿಗೆ ಕೇಳಿ ಪಡೆದು, ತಂಗಿಯ ಮಕ್ಕಳೊಂದಿಗೆ ನಗರದ ಈಜುಕೊಳಕ್ಕೆ ಹೋದೆ. ಅದರ ವಿಡಿಯೋ ನಿಜಕ್ಕೂ ಬೆರಗು ಹುಟ್ಟಿಸುವಂಥದ್ದು; ಮಕ್ಕಳು ಕ್ಯಾಮೆರಾ ಹಿಡಿದು ಮುಳುಗಿ ಎದ್ದು ಕುಣಿದರೂ ಚಿತ್ರ ಅಲುಗಾಡುವುದಿಲ್ಲ. ಆದರೆ ನನಗೆ ಬೇಕಾದದ್ದು ಮುಖಗಳು. ಬಹಳ ಅಗಲವಾದ ನೋಟದ ಆ ಲೆನ್ಸಿನಲ್ಲಿ ನಾಲ್ಕು ಮಾರು ದೂರದ ಮಗುವಿನ ಮುಖ ಬಟಾಣಿಯಷ್ಟು ಸಣ್ಣದಾಗಿ ಕಾಣುತ್ತಿತ್ತು, ಹತ್ತಿರಕ್ಕೆ ಎಳೆದು ನೋಡಲು ನಿಜವಾದ ಜೂಮ್ ಇರಲಿಲ್ಲ, ಫೋಕಸ್ ಸ್ಥಿರವಾದದ್ದಾದ್ದರಿಂದ ತೀರಾ ಸಮೀಪದ ವಸ್ತುಗಳು ಮಸುಕಾಗುತ್ತಿದ್ದವು. ಸ್ಪರ್ಶಪರದೆ ನೀರಿನೊಳಗೆ ಕೆಲಸ ಮಾಡುವುದಿಲ್ಲ, ಒದ್ದೆ ಬೆರಳಿಗೂ ಸರಿಯಾಗಿ ಸ್ಪಂದಿಸುವುದಿಲ್ಲ. ಇಷ್ಟಾದರೂ ಒಂದು ಮಾತನ್ನು ಖಚಿತವಾಗಿ ಹೇಳಬೇಕು: ಯಾರ ಮುಖ್ಯ ಆಸಕ್ತಿ ರಾಫ್ಟಿಂಗೋ ಅವರು ಆ ವರ್ಷವೇ ಬಂದ, 16 ಮೀಟರ್ ತಡೆಯುವ ಡಿಜೆಐ ಓಸ್ಮೋ ಆಕ್ಷನ್ 3 ಅಥವಾ ಗೋಪ್ರೋದಂಥ ಆಕ್ಷನ್ ಕ್ಯಾಮೆರಾವನ್ನೇ ಕೊಳ್ಳಬೇಕು. ಸೆಳವಿನಲ್ಲಿ ಎರಡೂ ಕೈ ಹುಟ್ಟಿನ ಮೇಲಿರಬೇಕು, ಆಗ ಕ್ಯಾಮೆರಾ ಇರಬೇಕಾದ ಜಾಗ ಹೆಲ್ಮೆಟ್ ಇಲ್ಲವೇ ಎದೆಪಟ್ಟಿ. ಚಿತ್ರಕ್ಕಾಗಿ ಹುಟ್ಟು ಬಿಡುವುದು ತನಗೂ ಅಪಾಯ, ಪಕ್ಕದಲ್ಲಿ ಕುಳಿತವರಿಗೂ ಅಪಾಯ.

ನಮ್ಮ ಪ್ರವಾಸದಲ್ಲಿ ಸೆಳವಿನ ಹೊತ್ತು ಎರಡು ಗಂಟೆಯಾದರೆ ದಡ, ಹರಿಗೋಲು, ಈಜು, ಸ್ನಾನಗಳ ಹೊತ್ತು ಇಡೀ ದಿನ. ಆದ್ದರಿಂದ ಜೂಮ್ ಮಾಡಿದರೂ ಲೆನ್ಸು ಹೊರಗೆ ಚಾಚದೆ ಒಳಗೇ ಸರಿಯುವ, ಗುಂಡಿಗಳಿರುವ ಸಣ್ಣ ಕ್ಯಾಮೆರಾವೇ ನಮಗೆ ಸರಿ ಎಂದು ತಂಗಿಗೂ ಒಪ್ಪಿಗೆಯಾಯಿತು.

ಆ ಬಗೆಯವುಗಳಲ್ಲಿ ಹೆಚ್ಚಿನವು 2017ರಿಂದ 2019ರ ನಡುವೆ ಬಂದವು. ಫೋನುಗಳೇ ನೀರು ತಡೆಯುತ್ತವೆಂದು ಜನ ನಂಬತೊಡಗಿದ ಮೇಲೆ ಈ ಕ್ಯಾಮೆರಾಗಳನ್ನು ಕೇಳುವವರು ಕಡಿಮೆಯಾದರು, ಅಂಗಡಿಗಳಲ್ಲಿ ಹೊಸದು ಸಿಗುವುದೂ ಕಷ್ಟವಾಯಿತು. ಹೀಗಾಗಿ ಬೆಂಗಳೂರಿನ ಅಂಗಡಿಯೊಂದರಲ್ಲಿ ಬಳಸಿದ ಡಬ್ಲ್ಯೂ300 ಒಂದು ಅರ್ಧ ಬೆಲೆಗೆ ಇದೆಯೆಂದು ತಿಳಿದಾಗ ಶನಿವಾರ ಮಧ್ಯಾಹ್ನದ ರೈಲು ಹತ್ತಿ ಹೋದೆ. ಕಿತ್ತಳೆ ಬಣ್ಣದ ಆ ಕ್ಯಾಮೆರಾ ಹೊರಗಿನಿಂದ ಹೊಸದರಂತೆಯೇ ಹೊಳೆಯುತ್ತಿತ್ತು. “ಮೂವತ್ತು ಮೀಟರ್ ತಡೆಯುತ್ತೆ ಮೇಡಂ, ಯೋಚನೆನೇ ಮಾಡ್ಬೇಡಿ” ಎಂದ ಅಂಗಡಿಯ ಹುಡುಗ. ನಾನು ಪ್ರಯೋಗಾಲಯದಿಂದ ತಂದಿದ್ದ ಭೂತಗನ್ನಡಿಯನ್ನು ಚೀಲದಿಂದ ತೆಗೆದು, ಬ್ಯಾಟರಿಯ ಮುಚ್ಚಳ ತೆರೆದು, ಫೋನಿನ ಬೆಳಕು ಹಾಯಿಸಿದೆ. ಮುಚ್ಚಳದ ಒಳಅಂಚಿನ ಸುತ್ತ ಓಡುವ ತೆಳ್ಳನೆಯ ರಬ್ಬರ್ ಸೀಲೇ ನೀರಿಗೂ ವಿದ್ಯುತ್ ಭಾಗಗಳಿಗೂ ನಡುವೆ ಇರುವ ಏಕೈಕ ಗೋಡೆ. ಅದರ ಒಂದು ಮೂಲೆಯಲ್ಲಿ ಸಕ್ಕರೆಯ ಪುಡಿಯಂಥ ಬಿಳಿ ಹರಳುಗಳು ಅಂಟಿದ್ದವು. ಉಗುರಿನಿಂದ ಮುಟ್ಟಿದರೆ ಉದುರುತ್ತಿದ್ದ ಅವು ಒಣಗಿದ ಸಮುದ್ರದ ಉಪ್ಪು. ಅಂದರೆ ಹಿಂದಿನವರು ಅದನ್ನು ಕಡಲಿಗೆ ಕೊಂಡೊಯ್ದು, ತೊಳೆಯದೆ ಒಣಗಿಸಿದ್ದರು. ಕೀಲಿನ ಬಳಿ ಸೀಲಿನ ಮೇಲೆ ಕೂದಲೆಳೆಯಷ್ಟು ಸಣ್ಣ ಬಿರುಕೂ ಇತ್ತು. ಹುಡುಗನಿಗೆ ಭೂತಗನ್ನಡಿ ಕೊಟ್ಟು ತೋರಿಸಿದೆ, ಅವನೂ ತಲೆಯಾಡಿಸಿದ. ನೀರಿಗೆ ಇಳಿದ ಕ್ಯಾಮೆರಾವನ್ನು ಬಳಸಿದ್ದೆಂದು ಕೊಳ್ಳಬಾರದು ಎಂಬುದು ಅಂದಿನಿಂದ ನನ್ನ ಗಟ್ಟಿ ಅಭಿಪ್ರಾಯ, ಬೆಲೆ ಎಷ್ಟೇ ಇಳಿದರೂ ಸರಿ.

ಕೊನೆಗೆ ಆರಿಸಿದ್ದು ಹೊಸ ಒಲಿಂಪಸ್ ಟಿಜಿ-6. ಆಳದ ಲೆಕ್ಕದಲ್ಲಿ ಅದು ತನ್ನ ಗುಂಪಿನಲ್ಲೇ ಕೆಳಗಿನದು, 12 ಮೆಗಾಪಿಕ್ಸೆಲ್ ಎಂಬುದೂ ಅಂಗಡಿಯಲ್ಲಿ ಹೇಳಿಕೊಳ್ಳುವಂಥ ಸಂಖ್ಯೆಯಲ್ಲ. ಆದರೆ ಈ ಗುಂಪಿನ ಎಲ್ಲವುಗಳ ಸೆನ್ಸರ್, ಅಂದರೆ ಬೆಳಕನ್ನು ಚಿತ್ರವಾಗಿಸುವ ಚಿಪ್, ಹೆಚ್ಚುಕಡಿಮೆ 1/2.3 ಇಂಚಿನದೇ ಆಗಿರುವಾಗ ಅದಕ್ಕೆ ಬೆಳಕು ಎಷ್ಟು ತಲುಪುತ್ತದೆ ಎಂಬುದೇ ಮುಖ್ಯವಾಗುತ್ತದೆ. ಟಿಜಿ-6ರ ಲೆನ್ಸು ಅಗಲ ನೋಟದಲ್ಲಿ ಎಫ್/2.0ರಷ್ಟು ತೆರೆಯುತ್ತದೆ, ಡಬ್ಲ್ಯೂ300ರದು ಎಫ್/2.8; ಈ ಸಂಖ್ಯೆ ಸಣ್ಣದಾದಷ್ಟೂ ತೆರಪು ದೊಡ್ಡದು, ಎಂದರೆ ಮೊದಲನೆಯದು ಸುಮಾರು ಎರಡು ಪಟ್ಟು ಬೆಳಕನ್ನು ಒಳಬಿಡುತ್ತದೆ. ನಮ್ಮ ಕಡೆಯ ಕೆರೆಯ ನೀರು ಮಣ್ಣು ಬೆರೆತದ್ದು, ಬಾವಿಯ ನೀರು ಪಾಚಿಗಟ್ಟಿ ಹಸಿರಾದದ್ದು, ಒಂದು ಮೊಳ ಕೆಳಗೇ ಮಬ್ಬು. ಅಲ್ಲಿ ಬೇಕಾದದ್ದು ಬೆಳಕು. ಇನ್ನೊಂದು ಕಾರಣ, ಅದು ರಾ ರೂಪದಲ್ಲಿಯೂ, ಅಂದರೆ ಸೆನ್ಸರ್ ಕಂಡ ಮಾಹಿತಿಯನ್ನು ಹಾಗೆಯೇ ಇಟ್ಟು, ಚಿತ್ರ ಉಳಿಸುತ್ತದೆ. ಬಿಸಿಲಿನ ಕೆಂಪು ಭಾಗವನ್ನು ನೀರು ಎಲ್ಲಕ್ಕಿಂತ ಮೊದಲು ಹೀರಿಕೊಳ್ಳುವುದರಿಂದ ಕೆಲವೇ ಮೀಟರ್ ಕೆಳಗೆ ಎಲ್ಲವೂ ನೀಲಿ ಅಥವಾ ಹಸಿರಾಗಿ ಕಾಣುತ್ತದೆ. ರಾ ಇದ್ದರೆ ಮನೆಗೆ ಬಂದು ಬಣ್ಣ ಸರಿಪಡಿಸಿಕೊಳ್ಳಲು ಅವಕಾಶ ಹೆಚ್ಚು. ಮೂರನೆಯದಾಗಿ, ಅದರ ಎರಡೂ ಮುಚ್ಚಳಗಳಿಗೆ ಎರಡೆರಡು ಹಂತದ ಲಾಕ್ ಇದೆ, ಮೊದಲು ಮುಚ್ಚಿ ಆಮೇಲೆ ಇನ್ನೊಂದು ಸಣ್ಣ ಕೊಂಡಿಯನ್ನು ಸರಿಸಬೇಕು. ಪೌಚಿನ ಬಾಯಿ ಬಿಟ್ಟುಕೊಂಡದ್ದನ್ನು ಕಂಡಿದ್ದ ನನಗೆ ಆ ಕೊಂಡಿಯ ಟಕ್ ಎಂಬ ಸದ್ದು ಕೊಟ್ಟ ಧೈರ್ಯ ಬೇರಾವುದೂ ಕೊಡಲಿಲ್ಲ. ಮರುವರ್ಷ ಬಂದ ಟಿಜಿ-7ರಲ್ಲೂ ಆಳ 15 ಮೀಟರೇ, ಮೆಗಾಪಿಕ್ಸೆಲ್ 12ರಷ್ಟೇ. ಚಾರ್ಜಿಂಗಿಗೆ ಯುಎಸ್‌ಬಿ-ಸಿ ಬಂದಿತು.

ಕ್ಯಾಮೆರಾ ಕೈಗೆ ಬಂದ ದಿನ ಅದನ್ನು ಒಂದು ಬಕೆಟ್ ನೀರಿನಲ್ಲಿ ಅರ್ಧ ಗಂಟೆ ಮುಳುಗಿಸಿಟ್ಟೆ. ಮುಚ್ಚಳದ ಅಂಚಿನಿಂದ ಗುಳ್ಳೆಗಳ ಸಾಲು ಎದ್ದರೆ ಗಾಳಿ ಹೊರಬರುತ್ತಿದೆ, ಅಂದರೆ ನೀರು ಒಳಹೋಗುತ್ತಿದೆ ಎಂದರ್ಥ. ಗುಂಡಿಗಳ ಸಂದಿಯಲ್ಲಿ ಸಿಕ್ಕಿದ್ದ ಎರಡು ಮೂರು ಗುಳ್ಳೆಗಳು ಎದ್ದು ನಿಂತುಹೋದವು. ಮುಂದಿನ ಭಾನುವಾರ ಗುಬ್ಬಿ ತಾಲ್ಲೂಕಿನ ನಮ್ಮ ತೋಟಕ್ಕೆ ಹೋದೆ.

ತೋಟದ ಕಲ್ಲುಕಟ್ಟಡದ ಬಾವಿಯಲ್ಲಿ ಆಗ ಎರಡಾಳುದ್ದ ನೀರಿತ್ತು. ಈರುಳ್ಳಿಯ ಬಲೆಚೀಲದೊಳಗೆ ತೂಕಕ್ಕೆಂದು ಒಂದು ಕಲ್ಲನ್ನೂ ಅದರ ಮೇಲೆ ಬಟ್ಟೆ ಸುತ್ತಿ ಕ್ಯಾಮೆರಾವನ್ನೂ ಇಟ್ಟು, ಲೆನ್ಸಿನ ಎದುರು ಬಲೆಯನ್ನು ಕತ್ತರಿಸಿ, ನೋಟದೊಳಗೆ ಬರುವಂತೆ ಕೆಂಪು ರವಿಕೆ ಬಟ್ಟೆಯ ಒಂದು ಪಟ್ಟಿಯನ್ನು ಕಟ್ಟಿ, ವಿಡಿಯೋ ಚಾಲೂ ಮಾಡಿ, ರಾಟೆಯ ಹಗ್ಗಕ್ಕೆ ಬಿಗಿದೆ. “ಅಷ್ಟು ದುಡ್ಡು ಕೊಟ್ಟು ತಂದು ಬಾವಿಗೆ ಬಿಡ್ತೀಯಲ್ಲೇ” ಎಂದು ಅಮ್ಮ ಗಾಬರಿಯಿಂದ ಕೈ ಹಿಡಿದರು. ನಷ್ಟವಾಗುವುದಿದ್ದರೆ ಇಲ್ಲೇ, ವಾರಂಟಿಯ ಮೊದಲ ವಾರದಲ್ಲೇ ಆಗಲಿ, ನೂರಾರು ಮೈಲಿ ದೂರದ ಕಡಲಿನಲ್ಲಿ ಬೇಡ ಎಂದು ವಿವರಿಸಿ ಹಗ್ಗ ಸಡಿಲಿಸಿದೆ. ಇಪ್ಪತ್ತು ನಿಮಿಷದ ನಂತರ ಸೇದಿ, ಒರೆಸಿ, ಪೂರ್ತಿ ಒಣಗುವವರೆಗೆ ನೆರಳಿನಲ್ಲಿಟ್ಟು, ಆಮೇಲೆ ಮುಚ್ಚಳ ತೆರೆದೆ. ಸೀಲಿನ ಒಳಬದಿ ಒಣಗಿತ್ತು. ಒಂದು ಹನಿಯೂ ಇರಲಿಲ್ಲ.

ಆ ವಿಡಿಯೋ ಇಂದಿಗೂ ನನ್ನ ಬಳಿ ಇದೆ. ಮೊದಲು ರಾಟೆಯ ಕಿರುಗುಟ್ಟುವಿಕೆ, ಕಲ್ಲಿನ ಸಂದಿಯ ಜರೀಗಿಡಗಳು, ನಂತರ ಒಮ್ಮೆಲೇ ಸದ್ದು ಮುಚ್ಚಿಹೋಗಿ ಹಸಿರು ಆವರಿಸುತ್ತದೆ. ಒಂದು ಕಪ್ಪೆಯ ಹಿಂಗಾಲುಗಳು ಹಾದುಹೋಗುತ್ತವೆ. ಕೆಂಪು ಪಟ್ಟಿ ಮೊದಲು ಇಟ್ಟಿಗೆಯ ಬಣ್ಣಕ್ಕೆ, ಕೆಳಗಿಳಿದಂತೆ ಕಾಫಿಪುಡಿಯ ಬಣ್ಣಕ್ಕೆ ತಿರುಗುತ್ತದೆ. ಆ ವಾರ ದ್ವಿತೀಯ ಪಿಯುಸಿ ತರಗತಿಯಲ್ಲಿ ಇದನ್ನೇ ತೋರಿಸಿದೆ. ಕ್ಯಾಮೆರಾದ ಮುಂದಿನ ಚಪ್ಪಟೆ ಗಾಜಿನ ಹಿಂದೆ ಗಾಳಿ ಇರುವುದರಿಂದ ನೀರಿನೊಳಗೆ ಬೆಳಕು ಬಾಗಿ, ವಸ್ತುಗಳು ಸುಮಾರು ಮೂರನೇ ಒಂದು ಪಾಲು ದೊಡ್ಡದಾಗಿ ಕಾಣುತ್ತವೆ, ನೋಟದ ಅಗಲ ಕಿರಿದಾಗುತ್ತದೆ, ಹಾಗಾಗಿ 35 ಮಿಲಿಮೀಟರ್ ಫಿಲ್ಮಿನ ಲೆಕ್ಕದಲ್ಲಿ ಅದರ 25 ಮಿಲಿಮೀಟರ್ ಲೆನ್ಸು ಮುಳುಗಿದಾಗ 33 ಮಿಲಿಮೀಟರಿನಂತೆ ವರ್ತಿಸುತ್ತದೆ ಎಂಬ ಲೆಕ್ಕವನ್ನು ವಿದ್ಯಾರ್ಥಿಗಳೇ ಹಾಕಿದರು.

2023ರ ಫೆಬ್ರುವರಿಯಲ್ಲಿ ಮುರುಡೇಶ್ವರಕ್ಕೆ ಹೋಗಿ, ಅಲ್ಲಿಂದ ದೋಣಿಯಲ್ಲಿ ನೇತ್ರಾಣಿ ದ್ವೀಪಕ್ಕೆ ಹೊರಟೆವು. ಹಿಂದಿನ ರಾತ್ರಿಯೇ ಎಸಿ ಕೋಣೆಯ ಒಣ ಗಾಳಿಯಲ್ಲಿ ಬ್ಯಾಟರಿಯನ್ನೂ ಮೆಮೊರಿ ಕಾರ್ಡನ್ನೂ ಹಾಕಿ, ಸೀಲನ್ನು ಮೆತ್ತನೆಯ ಬಟ್ಟೆಯಿಂದ ಒರೆಸಿ, ಮುಚ್ಚಳ ಮುಚ್ಚಿದ್ದೆ. ಕಡಲ ತೀರದ ತೇವ ತುಂಬಿದ ಗಾಳಿಯನ್ನು ಒಳಗೆ ಬಂಧಿಸಿ ತಣ್ಣನೆಯ ನೀರಿಗೆ ಇಳಿಸಿದರೆ ಗಾಜಿನ ಒಳಗೆ ಮಂಜು ಕಟ್ಟುತ್ತದೆ. ದೋಣಿಯ ಮೇಲೆ ಯಾವ ಕಾರಣಕ್ಕೂ ಮುಚ್ಚಳ ತೆರೆಯಬಾರದೆಂದು ಮಕ್ಕಳಿಗೆ ಹೇಳಿದ್ದೆ. ಒಂದು ಚಾರ್ಜಿಗೆ 340 ಚಿತ್ರಗಳೆಂದು ತಯಾರಕರು ಹೇಳುವ ಬ್ಯಾಟರಿ ಆ ದಿನಕ್ಕೆ ಸಾಕಾಯಿತು. ಟಿಜಿ-6 ನೀರಿನಲ್ಲಿ ತೇಲುವುದಿಲ್ಲ, ಕೈತಪ್ಪಿದರೆ ಕಲ್ಲಿನಂತೆ ತಳ ಸೇರುತ್ತದೆ. ಆದ್ದರಿಂದ ಹಳದಿ ಬಣ್ಣದ ತೇಲುವ ಮಣಿಪಟ್ಟಿಯನ್ನು ಕಟ್ಟಿದ್ದೆ, ಅದು ಕ್ಯಾಮೆರಾದ ತೂಕವನ್ನು ಎತ್ತಿ ಹಿಡಿಯುತ್ತದೆಯೇ ಎಂಬುದನ್ನೂ ಬಕೆಟ್ಟಿನಲ್ಲೇ ನೋಡಿಕೊಂಡಿದ್ದೆ.

ಮೊದಲ ಬಾರಿ ಸ್ಕೂಬಾಕ್ಕೆ ಇಳಿಯುವವರು ಕೈಯಲ್ಲಿ ಏನನ್ನೂ ಹಿಡಿಯಬಾರದೆಂದು ತರಬೇತುದಾರರು ಹೇಳಿದರು, ಅದು ಸರಿಯಾದ ಮಾತೇ. ಕ್ಯಾಮೆರಾವನ್ನು ಅವರ ಕೈಗೆ ಕೊಟ್ಟೆ. ಮೇಲೆ ಬಂದ ನಂತರ ಉಸಿರಾಟದ ಕೊಳವೆಯಾದ ಸ್ನಾರ್ಕೆಲ್ ಹಾಕಿಕೊಂಡು ದ್ವೀಪದ ಬಂಡೆಗಳ ಬದಿಯಲ್ಲಿ ನಾನೇ ತೇಲುತ್ತಾ ಚಿತ್ರ ತೆಗೆದೆ. ನೀರಿನೊಳಗಿನ ಬಣ್ಣಕ್ಕೆಂದು ಇರುವ ಮೂರು ಹೊಂದಾಣಿಕೆಗಳಲ್ಲಿ ಕಡಿಮೆ ಆಳದ್ದನ್ನು ಆರಿಸಿಕೊಂಡಾಗ ಹವಳದ ಮೇಲೆ ಮೇಯುತ್ತಿದ್ದ ಗಿಳಿಮೀನಿನ ಹಸಿರು, ಗುಲಾಬಿಗಳು ಕಣ್ಣಿಗೆ ಕಂಡಂತೆಯೇ ಬಂದವು. ಜೂಮ್ ಮಾಡಿ ದೂರದಿಂದ ತೆಗೆದವೆಲ್ಲ ಮಸುಕು. ನಡುವೆ ನೀರು ಹೆಚ್ಚಿದಷ್ಟೂ ಮಬ್ಬು ಹೆಚ್ಚು, ಹತ್ತಿರ ಹೋಗಿ ಅಗಲ ನೋಟದಲ್ಲಿ ತೆಗೆಯುವುದೊಂದೇ ದಾರಿ. ನೀರಿನ ಮೇಲೆ ತೆಗೆಯುವಾಗ ಲೆನ್ಸಿನ ಗಾಜಿನ ಮೇಲೆ ಹನಿಗಳು ನಿಂತು ಮುಖದ ನಡುವೆಯೇ ಮಸುಕು ಮೂಡಿಸುತ್ತಿದ್ದವು. ಒರೆಸಿದರೆ ಇನ್ನಷ್ಟು ಕಲೆ. ಕ್ಯಾಮೆರಾವನ್ನು ಒಮ್ಮೆ ಮುಳುಗಿಸಿ ಎತ್ತಿದ ಕೂಡಲೇ ಗಾಜಿನ ಮೇಲೆ ತೆಳುವಾದ ನೀರಿನ ಪೊರೆ ಇರುತ್ತದೆ, ಅದು ಹನಿಯಾಗಿ ಒಡೆಯುವ ಮುಂಚಿನ ಎರಡು ಕ್ಷಣಗಳಲ್ಲಿ ಗುಂಡಿ ಒತ್ತಿದರೆ ಚಿತ್ರ ಸ್ವಚ್ಛವಾಗಿ ಬರುತ್ತದೆ. ಇದನ್ನು ಕಂಡುಕೊಳ್ಳುವಷ್ಟರಲ್ಲಿ ಮೂವತ್ತು ಚಿತ್ರಗಳು ಹಾಳಾಗಿದ್ದವು.

ಕೋಣೆಗೆ ಬಂದೊಡನೆ ಮುಚ್ಚಳ ತೆರೆಯದೆ ಸಿಹಿನೀರಿನಲ್ಲಿ ನೆನೆಸಿಟ್ಟು, ಪ್ರತಿ ಗುಂಡಿಯನ್ನೂ ನೀರಿನೊಳಗೇ ಹತ್ತಾರು ಬಾರಿ ಒತ್ತಿ ಉಪ್ಪನ್ನು ಹೊರಹಾಕಿದೆ. ಆಮೇಲೆ ಬಿಸಿಲಿಗಿಡದೆ ಫ್ಯಾನಿನ ಕೆಳಗೆ ಒಣಗಿಸಿದೆ. ನೀರು ತಡೆಯುವ ಸೀಲನ್ನು ವರ್ಷಕ್ಕೊಮ್ಮೆ ಬದಲಿಸಬೇಕೆಂದು ತಯಾರಕರ ಸಲಹೆ ಇದೆ. ತುಮಕೂರಿನಲ್ಲಿ ಅದನ್ನು ಮಾಡುವವರು ಸಿಗಲಿಲ್ಲ, ಬೆಂಗಳೂರಿಗೇ ಕೊಂಡೊಯ್ಯಬೇಕಾಯಿತು. ಕೊಳ್ಳುವವರು ಈ ಖರ್ಚನ್ನೂ ಓಡಾಟವನ್ನೂ ಬೆಲೆಯೊಳಗೇ ಸೇರಿಸಿ ಲೆಕ್ಕ ಹಾಕಿಕೊಳ್ಳಬೇಕು.

ಹೊಸ ಸೀಲು ಹಾಕಿಸಿದ ಮೇಲೆ ಬಲೆಚೀಲ, ಕಲ್ಲು, ಹಗ್ಗ ಹಿಡಿದು ಮತ್ತೊಮ್ಮೆ ತೋಟದ ಬಾವಿಗೆ ಹೋದೆ. ಅಮ್ಮ ಈ ಬಾರಿ ತಾವೇ ಹಗ್ಗ ಸೇದಿದರು. 2024ರ ಜನವರಿಯಲ್ಲಿ ಗಣೇಶಗುಡಿಯ ಅದೇ ದಡದಲ್ಲಿ ಲೈಫ್ ಜಾಕೆಟ್ಟಿನ ಪಟ್ಟಿ ಬಿಗಿಸಿಕೊಳ್ಳುತ್ತಾ ಅವರು ನನ್ನ ಕೈ ನೋಡಿ, “ಬಾವಿಗೆ ಬಿಟ್ಟಿದ್ದು ಇದೇ ತಾನೇ?” ಎಂದು ಕೇಳಿದರು. ಹೌದೆಂದೆ. ಅವರು ಹರಿಗೋಲಿನ ಅಂಚು ಹಿಡಿದು ಒಳಗೆ ಕುಳಿತರು, ನಾನು ಕ್ಯಾಮೆರಾವನ್ನು ಒಮ್ಮೆ ನೀರಿನಲ್ಲಿ ಅದ್ದಿ ಎತ್ತಿ ಗುಂಡಿ ಒತ್ತಿದೆ.